ಮೂರನೆಯ ದಾರ

ಆ ಬೆಳಗ್ಗೆ ನದಿಯಿಂದ ಎದ್ದ ಮಂಜು ಆಸ್ಪತ್ರೆಯ ಗೇಟಿನವರೆಗೂ ಬಂದು ನಿಂತಿತ್ತು. ಭಿಕ್ಷುಗಳು ಕಾಣುವ ಮೊದಲು ಅವರ ಪಾತ್ರೆಯ ಮುಚ್ಚಳ ತೆರೆದ ಸದ್ದು ಕೇಳಿಸಿತು. ಚಪ್ಪಲಿ ಬಿಟ್ಟು, ತಣ್ಣನೆಯ ಡಾಂಬರಿನ ಮೇಲೆ ಮಂಡಿಯೂರಿ, ಅಂಟಕ್ಕಿ ಅನ್ನದ ಒಂದೊಂದು ಬಿಸಿ ಉಂಡೆ ಹಾಕಿದೆ. ಅವರು ಹರಸಿ ಮುಂದೆ ಹೋದರು. ಮೂರು ಹೆಜ್ಜೆಗೇ ಮಂಜು ಅವರನ್ನು ಒಳಗೆ ಕರೆದುಕೊಂಡಿತು.

ಮಂಡಿಯೂರಿದಲ್ಲಿಂದ ನಾನಿನ್ನೂ ಎದ್ದಿರಲಿಲ್ಲ. ಹಿಂಬದಿಯ ಪ್ರಯೋಗಾಲಯದ ಬಾಗಿಲಿನಿಂದ ಅಲ್ಲಿನ ತಂತ್ರಜ್ಞೆ ರವಿವನ್ ಕೂಗಿದಳು.

"ಇಂಕೇವಣ್ಣ, ಬೇಗ ಬನ್ನಿ! ನಿಮ್ಮ ಹುಡುಗಿ ಹುಡುಗೀನೇ ಅಲ್ಲ!"

ನಮ್ಮ ಹುಡುಗಿ ಎಂದರೆ ಪಿಂಫಾ. ಹುವೈಲಾನ್ ಹಳ್ಳಿಯ ನೇಯ್ಗೆಯವಳು, ಹತ್ತೊಂಬತ್ತು ವರ್ಷ. ಮೂರು ವಾರದ ಹಿಂದೆ ಹೆಸರಿಲ್ಲದ ಜ್ವರ ಅವಳನ್ನು ಐದೇ ದಿನದಲ್ಲಿ ಕೊಂಡೊಯ್ದಿತ್ತು. ಜಿಲ್ಲೆಯ ರೋಗ ತನಿಖೆಯವನಾದ ನನಗೆ ಗೊತ್ತಿದ್ದ ಪರೀಕ್ಷೆಗಳೆಲ್ಲ ಅವಳ ರಕ್ತದಲ್ಲಿ ಏನೂ ಇಲ್ಲವೆಂದಿದ್ದವು. ಈಗ ಅದೇ ಜ್ವರ ಅವಳ ಅಕ್ಕ ಕನ್ನಿಕಾಳಿಗೆ. ಕನ್ನಿಕಾ ಏಳು ತಿಂಗಳ ಬಸುರಿ. ಜ್ವರ ಹಿಡಿದು ಎಂಟನೆಯ ದಿನ, ಮೇಲಿನ ವಾರ್ಡಿನಲ್ಲಿ ಮಲಗಿದ್ದಳು.

ಒಂದು ಔಷಧಿ ಇತ್ತು. ವೈರಸ್ಸುಗಳ ಒಂದೇ ಒಂದು ಮನೆತನಕ್ಕೆ ಮಾತ್ರ ಅದು ನಾಟುತ್ತದೆ. ಆದರೆ ಹೊಟ್ಟೆಯ ಮಗುವಿಗೆ ಅದು ಅಪಾಯ.

"ಯಾವ ಮನೆತನ ಅಂತ ತೋರಿಸಿ, ಕೊಡ್ತೀನಿ. ಊಹೆ ಮೇಲೆ ಮಗು ಪ್ರಾಣದ ಜೊತೆ ಆಟ ಆಡಲ್ಲ," ಎಂದಿದ್ದರು ವಾರ್ಡಿನ ಡಾಕ್ಟರು. "ಆದ್ರೆ ನಾಳೆ ಬೆಳಗ್ಗೆ ದಾಟಿದ್ರೆ ಕೊಟ್ಟೂ ಪ್ರಯೋಜನ ಇಲ್ಲ."

ಕನ್ನಿಕಾಳ ರಕ್ತದಲ್ಲಿ ಈಗ ವೈರಸ್ ಉಳಿದಿರಲಿಲ್ಲ. ಅದು ಮಿದುಳಿಗೆ ಏರಿತ್ತು. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಯುವ ಸ್ಥಿತಿಯಲ್ಲೂ ಅವಳಿರಲಿಲ್ಲ. ಜ್ವರದ ಮೂರನೆಯ ದಿನವೇ ತೆಗೆದಿಟ್ಟಿದ್ದ ತಂಗಿಯ ರಕ್ತವೊಂದೇ ನಮಗಿದ್ದ ದಾರಿ. ಅದನ್ನೇ ನಿನ್ನೆ ಗಾಜಿಗೆ ಹಾಕಿದ್ದೆವು.

ಎರಡು ಬೆರಳು ಅಗಲದ ಗಾಜು. ಅದರ ಮೇಲೆ ಕಣ್ಣಿಗೆ ಕಾಣದ ಸಾವಿರಾರು ಚುಕ್ಕಿ. ಒಂದೊಂದರಲ್ಲೂ ಒಂದೊಂದು ವೈರಸ್ಸಿನ ಡಿಎನ್‌ಎ ಬರಹದ ಒಂದು ತುಣುಕು. ರೋಗಿಯ ರಕ್ತದಿಂದ ತೆಗೆದ ತುಣುಕುಗಳಿಗೆ ಬಣ್ಣ ಕಟ್ಟಿ ಗಾಜಿನ ಮೇಲೆ ಬಿಟ್ಟರೆ, ಸಂಜೆ ಬಿಟ್ಟ ಎಮ್ಮೆಗಳು ತಮ್ಮ ತಮ್ಮ ಕೊಟ್ಟಿಗೆಗೆ ಹೋಗಿ ನಿಲ್ಲುವ ಹಾಗೆ ಅವು ತಮ್ಮ ಜೋಡಿಯನ್ನು ಹುಡುಕಿ ಅಂಟಿಕೊಳ್ಳುತ್ತವೆ. ಬೆಳಕು ಹಾಯಿಸಿದರೆ ಆ ಕೊಟ್ಟಿಗೆ ಮಾತ್ರ ಹೊಳೆಯುತ್ತದೆ. ಯಾರೂ ನೋಡದ ಹೊಸ ಎಮ್ಮೆಯಾದರೂ ತನ್ನ ನೆಂಟರ ಕೊಟ್ಟಿಗೆಗೇ ಹೋಗುತ್ತದೆ. ಹೆಸರು ಗೊತ್ತಾಗದಿದ್ದರೂ ಮನೆತನ ಗೊತ್ತಾಗುತ್ತದೆ.

ಪರದೆಯ ತುಂಬ ಕತ್ತಲೆ. ಒಂದು ಮೂಲೆಯಲ್ಲಿ ಮಾತ್ರ ಹತ್ತಾರು ಚುಕ್ಕಿಗಳು ಹಬ್ಬದ ದೀಪದ ಹಾಗೆ ಉರಿಯುತ್ತಿದ್ದವು.

"ಸಿಕ್ತಲ್ಲ!" ಎಂದೆ.

"ಏನು ಸಿಕ್ಕಿದ್ದು? ಯಾರ ಕೊಟ್ಟಿಗೆ ಅಂತ ಓದಿ ಮೊದ್ಲು."

ಓದಿದೆ. ಅದು ಹಂದಿಯ ಮೈಯ ಕಣಕಣದಲ್ಲೂ ತಲೆತಲಾಂತರದಿಂದ ನಿದ್ದೆ ಹೋಗಿರುವ ಒಂದು ಹಳೆಯ ವೈರಸ್. ಹಂದಿಗೆ ಅದು ಹುಟ್ಟಿನಿಂದಲೇ ಬಂದದ್ದು. ಯಾವ ಕಾಯಿಲೆಯನ್ನೂ ತರುವುದಿಲ್ಲ. ಮನುಷ್ಯರ ಮೈಯಲ್ಲಿ ಇರುವುದೂ ಇಲ್ಲ.

"ಹಂದಿ ರಕ್ತ, ಅಣ್ಣ. ಶುದ್ಧ ಹಂದಿ," ಎಂದಳು ರವಿವನ್. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. "ಮೂರು ವಾರದಿಂದ ಒಂದು ಹಂದಿಗೆ ಸೊಳ್ಳೆ ಜ್ವರ ಇದೆಯಾ, ಮಿದುಳು ಜ್ವರ ಇದೆಯಾ ಅಂತ ಪರೀಕ್ಷೆ ಮಾಡ್ತಾ ಕೂತಿದ್ವಿ. ಪಾಪ, ಆರೋಗ್ಯವಾಗಿತ್ತು."

ಆ ರಕ್ತದ ಕೊಳವೆ ಮೂರು ಕೈ ದಾಟಿ ಬಂದಿತ್ತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ರಕ್ತ ತೆಗೆದ ನರ್ಸ್. ಅಲ್ಲಿನ ಫ್ರಿಜ್ಜಿನಿಂದ ಐಸ್ ಡಬ್ಬಿಯಲ್ಲಿ ಇಲ್ಲಿಗೆ ತಂದ ಹಳ್ಳಿಯ ಆರೋಗ್ಯ ಸ್ವಯಂಸೇವಕಿ ಖಂಪಾನ್. ಇಲ್ಲಿ ಅದನ್ನು ಬೀಗ ಹಾಕಿ ಇಟ್ಟ ನಮ್ಮ ಪ್ರಸಿತ್.

"ಪ್ರಸಿತ್‌ದೇ ಕೆಲ್ಸ," ಎಂದಳು ರವಿವನ್. "ಪಶು ಇಲಾಖೆ ರಕ್ತಾನೂ ಅವನೇ ನೋಡ್ಕೊಳ್ಳೋದು. ಅದಲು ಬದಲು ಮಾಡಿದಾನೆ. ಬರ್ಲಿ ಇವತ್ತು."

"ಸ್ವಲ್ಪ ತಡಿ."

ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಪಿಂಫಾಳ ಹೆಸರು ಬರೆದ ಚೀಟಿಯ ಒಂದು ಅಂಚು ಉಬ್ಬಿತ್ತು. ಉಗುರಿನಿಂದ ಎಬ್ಬಿಸಿದೆ. ಕೆಳಗೆ ಒಣಗಿ ಗಾಜಿನಂತಾಗಿದ್ದ ಒಂದು ಅಗುಳು.

ಅಂಟಕ್ಕಿ ಅನ್ನದ ಅಗುಳು. ಗಾಳಿಪಟಕ್ಕೆ, ಲಕೋಟೆಗೆ, ಹರಿದ ಪುಸ್ತಕಕ್ಕೆ ನಮ್ಮ ಹಳ್ಳಿಗಳಲ್ಲಿ ಬೇರೆ ಗೋಂದು ಯಾರು ಕೊಳ್ಳುತ್ತಾರೆ? ಪ್ರಸಿತ್ ಪಟ್ಟಣದಲ್ಲಿ ಹುಟ್ಟಿದವನು. ಬೆಳಗ್ಗೆ ಬ್ರೆಡ್ಡು ತಿನ್ನುವವನು. ನರ್ಸ್ ಹಚ್ಚುವ ಚೀಟಿಗೆ ಹಿಂಬದಿಯಲ್ಲೇ ಅಂಟು ಇರುತ್ತದೆ.

"ಪ್ರಸಿತ್‌ನ ಬೈಬೇಡ," ಎಂದು ಮೋಟಾರ್ ಸೈಕಲ್ಲಿನ ಕೀಲಿ ತೆಗೆದುಕೊಂಡೆ.

*

ಹುವೈಲಾನ್ ತಲುಪುವ ಹೊತ್ತಿಗೆ ಮಂಜು ಮರದ ತುದಿಗೆ ಏರಿ ಕರಗುತ್ತಿತ್ತು. ಪಿಂಫಾಳ ತಾಯಿ ಬುವಾಚಾನ್ ಕಂಬಗಳ ಮೇಲೆ ನಿಂತ ತನ್ನ ಮನೆಯ ಕೆಳಗೆ ಮಗ್ಗದ ಮುಂದೆ ಕೂತಿದ್ದಳು. ನೇಯುತ್ತಿರಲಿಲ್ಲ. ಮಗ್ಗದ ಮೇಲೆ ನೀರು ಹರಿದಂಥ ಬಣ್ಣದ ಬಟ್ಟೆ ಒಂದು ಮೊಳ ನೇಯ್ದು ನಿಂತಿತ್ತು, ಹರಿಯುವ ನೀರು ಏನೋ ನೆನಪಾಗಿ ತಡೆದು ನಿಂತ ಹಾಗೆ. ಅದು ಪಿಂಫಾ ಶುರು ಮಾಡಿದ್ದು. ತಾಯಿ ಅದರ ಧೂಳು ಒರೆಸುತ್ತಿದ್ದಳು, ಅಷ್ಟೇ.

ಪಕ್ಕದಲ್ಲಿ ಇದ್ದಿಲ ಒಲೆಗೆ ಮೈಯೊಡ್ಡಿ ಖಂಪಾನ್ ಕೂತಿದ್ದಳು, ಎರಡೆರಡು ಉಲ್ಲನ್ ಅಂಗಿ ತೊಟ್ಟು. ಇಬ್ಬರೂ ಚಿಕ್ಕಂದಿನ ಗೆಳತಿಯರು; ಖಂಪಾನ್ ಇಲ್ಲೇ ಸಿಗುತ್ತಾಳೆಂದು ನನಗೆ ಗೊತ್ತಿತ್ತು.

"ಓಹೋ, ಸ್ವಾಮಿಗಳು!" ಎಂದಳು ಖಂಪಾನ್. ಹತ್ತು ವರ್ಷ ಕಾವಿ ಉಟ್ಟು ಬಿಟ್ಟವನನ್ನು ನಮ್ಮ ಕಡೆ ಹಾಗೆಯೇ ಕರೆಯುತ್ತಾರೆ, ಅರ್ಧ ಮರ್ಯಾದೆ, ಅರ್ಧ ಚೇಷ್ಟೆ. "ಇವತ್ತು ಯಾರ ರಕ್ತ ಬೇಕಿತ್ತು? ನಂದು ತಗೊಳ್ಳಿ. ಇಷ್ಟು ಕೊಬ್ಬಿದೀನಿ, ಆದ್ರೂ ನೋಡಿ ಚಳಿ ಬಿಡ್ತಾ ಇಲ್ಲ."

"ರಕ್ತ ಬೇಡ, ಖಂಪಾನಕ್ಕ. ಒಂದು ಸಣ್ಣ ವಿಷಯ ಕೇಳ್ಬೇಕಿತ್ತು. ಚೀಟಿ ಅಂಟಿಸೋಕೆ ಗೋಂದು ಸಿಕ್ದೇ ಇದ್ರೆ ಏನು ಹಾಕ್ತೀರಿ?"

"ಇದೂ ಒಂದು ಕೇಳೋ ವಿಷಯಾನಾ? ಅನ್ನ ಹಾಕ್ತೀವಿ. ಮದುವೆ ಆಗಿದ್ರಲ್ಲ, ಹೆಂಡ್ತಿ ಇದನ್ನೂ ಹೇಳ್ಕೊಡ್ಲಿಲ್ವಾ ನಿಮಗೆ..."

ಅವಳ ನಗು ಅರ್ಧದಲ್ಲಿ ನಿಂತಿತು.

ಜೇಬಿನಿಂದ ಕೊಳವೆ ತೆಗೆದು ಮಗ್ಗದ ಹಲಗೆಯ ಮೇಲೆ ಇಟ್ಟೆ. ಚೀಟಿ ಎದ್ದಿತ್ತು. ಅಗುಳು ಕಾಣುತ್ತಿತ್ತು.

"ಇದರಲ್ಲಿ ಇರೋದು ಹಂದಿ ರಕ್ತ."

"ಯಾರು ಹೇಳಿದ್ದು?"

"ಗಾಜು ಹೇಳ್ತು."

"ಗಾಜಿಗೇನು ಬಾಯಿ ಇದೆಯಾ? ನಿಮ್ಮ ಪಟ್ಟಣದೋರು ಬೀಳಿಸಿ ಒಡೆದಿರ್ತಾರೆ, ಈಗ ಹಳ್ಳಿ ಹೆಂಗಸಿನ ತಲೆಗೆ ಕಟ್ತೀರಿ. ಹದಿನಾರು ವರ್ಷ ಆಯ್ತು ನಾನು ಈ ಕೆಲ್ಸ ಮಾಡ್ತಾ. ಮಳೇಲಿ, ಕೆಸರಲ್ಲಿ ಡಬ್ಬಿ ಹೊತ್ತಿದೀನಿ. ಒಂದು ತೊಟ್ಟು ಚೆಲ್ಲಿಲ್ಲ!"

"ಚೆಲ್ಲಿದೀರಿ ಅಂತ ನಾನೂ ಹೇಳ್ತಿಲ್ಲ, ಅಕ್ಕ. ಯಾರಿಗೆ ಕೊಟ್ರಿ ಅಂತ ಕೇಳ್ತಿದೀನಿ. ಕನ್ನಿಕಾಗೆ ನಾಳೆ ಬೆಳಗ್ಗೆವರೆಗೆ ಮಾತ್ರ ಟೈಮ್ ಇದೆ."

ಖಂಪಾನ್ ಬಾಯಿ ತೆರೆದಳು. ಇನ್ನೊಂದು ಸುಳ್ಳು ಅವಳ ನಾಲಿಗೆಯ ತುದಿಗೆ ಬಂದದ್ದು ನನಗೆ ಕಂಡಿತು.

"ಸಾಕು ಬಿಡೇ," ಎಂದಳು ಬುವಾಚಾನ್. ಮಗ್ಗದಿಂದ ಕಣ್ಣು ತೆಗೆಯಲಿಲ್ಲ. "ನಾನು ಕೇಳಿದ್ದು. ನನಗೋಸ್ಕರ ಅವಳು ಕೊಟ್ಟಿದ್ದು."

*

ಬುವಾಚಾನ್ ಹೇಳಿದ್ದು ಹೀಗೆ.

ಮಗಳು ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ ಮರುದಿನ ಅವಳು ಮೀನು ಹಿಡಿಯುವ ಬುಟ್ಟಿಬಲೆ ಹಿಡಿದು ಆ ವಾರ್ಡಿಗೆ ಬಂದಿದ್ದಳು. ಬಲೆಯಲ್ಲಿ ಪಿಂಫಾಳ ರವಿಕೆ, ಬೇಯಿಸಿದ ಮೊಟ್ಟೆ, ಒಂದು ಹಿಡಿ ಅನ್ನ. ಮನುಷ್ಯನ ಮೈಯಲ್ಲಿ ಮೂವತ್ತೆರಡು ಖ್ವನ್ ಇರುತ್ತವೆ, ಮೂವತ್ತೆರಡು ಸಣ್ಣ ಜೀವ. ಬೇರೆ ಕಡೆ ಸತ್ತರೆ ಅವು ದಾರಿ ತಿಳಿಯದೆ ಅಲ್ಲೇ ಉಳಿಯುತ್ತವೆ. ಅವನ್ನು ಬಲೆಯಿಂದ ಗಾಳಿಯಲ್ಲಿ ಮೊಗೆದು ಮನೆಗೆ ತರಬೇಕು. ಮಂಚದ ಸುತ್ತ ಮೂರು ಸಲ ಮೊಗೆದಳು. 'ಬಾರೇ ಪಿಂಫಾ, ಮನೆಗೆ ಹೋಗೋಣ, ಮಗ್ಗ ಕಾಯ್ತಿದೆ' ಎಂದು ಕರೆದಳು.

ಬಳಿಕ ಊರಿನ ಹಿರಿಯ ಬಲೆಯಿಂದ ಅನ್ನದ ಅಗುಳು ಹೆಕ್ಕಿದ. ಜೋಡಿಜೋಡಿಯಾಗಿ ಬಂದರೆ ಎಲ್ಲ ಬಂದವೆಂದು ಅರ್ಥ. ಮೂರು ಸಲವೂ ಒಂದು ಅಗುಳು ಒಂಟಿಯಾಗಿ ಉಳಿಯಿತು.

"ಒಂದು ಬಂದಿಲ್ಲ ಅಂದ. ಯಾರೋ ಹಿಡಿದಿಟ್ಟಿದಾರೆ ಅಂದ," ಬುವಾಚಾನ್ ಹೇಳಿದಳು. "ಯಾರು ಹಿಡಿದಿಟ್ಟಿರೋದು ಅಂತ ನನಗೆ ತಕ್ಷಣ ಗೊತ್ತಾಯ್ತು. ನನ್ ಮಗು ಚಳಿ ತಡೀತಿರ್ಲಿಲ್ಲ, ಸ್ವಾಮಿ. ಮಾಘದ ಚಳೀಲಿ ನನ್ನ ಕಂಬಳಿಯೊಳಗೇ ನುಗ್ಗೋಳು. ಅವಳನ್ನ ಐಸಲ್ಲಿ ಇಟ್ಟಿದೀರಿ ನೀವು."

ನಾನು ತಲೆ ತಗ್ಗಿಸಿದೆ.

"ಸತ್ತ ಮನೆ ಅಡುಗೆಗೆ ಹಂದಿ ಕೊಯ್ದಿದ್ರು," ಖಂಪಾನ್ ಮೆಲ್ಲಗೆ ಸೇರಿಸಿದಳು. "ಕೊಚ್ಚಿದ ಮಾಂಸಕ್ಕೆ ಹಾಕಿ ಲಾಪ್ ಕಲಸೋಕೆ ಹಸಿ ರಕ್ತ ಬೋಗುಣೀಲಿ ಇಟ್ಟಿದ್ರು. ಕೆಂಪಗಿದ್ರೆ ಆಯ್ತು, ಯಂತ್ರಕ್ಕೆ ಏನು ತಿಳಿಯುತ್ತೆ ಅಂದ್ಕೊಂಡೆ. ಹೊಸ ಕೊಳವೆಗೆ ತುಂಬ್ದೆ, ಹಳೇ ಚೀಟಿ ಕಿತ್ತು ಅಂಟಿಸ್ದೆ. ಸತ್ತವಳ ರಕ್ತದಿಂದ ಇನ್ಯಾರಿಗೆ ಏನಾಗ್ಬೇಕಿದೆ ಅನ್ನಿಸ್ತು. ಕನ್ನಿಕಾನೂ ಜ್ವರದಲ್ಲಿ ಮಲಗ್ತಾಳೆ ಅಂತ ನನಗೇನು ಕನಸು ಬಿದ್ದಿತ್ತಾ?"

"ಮಲಗಿದ ಮೇಲೆ?"

ಅವಳು ಗೆಳತಿಯತ್ತ ನೋಡಿದಳು. "ಬುದ್ಧನ ಮುಂದೆ ದೀಪ ಹಚ್ಚಿ ಮಾತು ಕೊಟ್ಟಿದ್ದೆ, ಯಾರಿಗೂ ಹೇಳಲ್ಲ ಅಂತ."

"ನಿಜವಾದ ರಕ್ತ ಎಲ್ಲಿ, ಅಮ್ಮ?" ಎಂದು ಬುವಾಚಾನಳನ್ನು ಕೇಳಿದೆ. "ಒಣಗಿದ್ರೂ ಸರಿ, ಕೆಟ್ಟಿದ್ರೂ ಸರಿ. ಗಾಜಿಗೆ ಚೂರೇ ಸಾಕು. ಚೂರೂ ತನ್ನ ಮನೆ ಹುಡುಕುತ್ತೆ."

ಅವಳು ಮಗ್ಗದ ಪಕ್ಕದ ಬುಟ್ಟಿಯಿಂದ ಬಿಳಿ ನೂಲಿನ ಉಂಡೆ ಎತ್ತಿ ತೋರಿಸಿದಳು. ಪಿಂಫಾ ತಾನೇ ನೂತಿದ್ದ ನೂಲು.

"ಇದರಲ್ಲಿ ಮೂರು ದಾರ ಕತ್ತರಿಸ್ದೆ. ರಕ್ತದಲ್ಲಿ ಅದ್ದಿದೆ. ಕೊಳವೆ ತೊಳೆದು ಮಣ್ಣು ಮಾಡ್ದೆ. ಒಂದು ದಾರ ಅವಳ ಕೈಗೇ ಕಟ್ಟಿ ಹೆಣದ ಪೆಟ್ಟಿಗೆ ಮುಚ್ಚಿದೆ, ಒಂಟಿ ಖ್ವನ್ ಮನೆ ಸೇರ್ಲಿ ಅಂತ. ಅವಳ ಜೊತೆ ಚಿತೇಲಿ ಸುಟ್ಟುಹೋಯ್ತು."

"ಎರಡನೇದು?"

ಮೊದಲ ಸಲ ಅವಳ ಮುಖದಲ್ಲಿ ಬೆಳಕು ಬಂತು. ನನಗೆ ಅದನ್ನು ನೋಡಲಾಗಲಿಲ್ಲ.

"ಕನ್ನಿಕಾ ಕೈಗೆ ಕಟ್ಟಿದೆ. ಪಿಂಫಾಗೆ ದಾರಿ ತಿಳೀಬೇಕಲ್ಲ! ಅಕ್ಕನ ಹೊಟ್ಟೇಲೇ ಹುಟ್ಟಿ ಬರ್ಲಿ ಅಂತ. ಪೆಟ್ಟಿಗೆ ಮುಚ್ಚೋ ಮೊದ್ಲು ಅವಳ ಎಡಗಾಲಿಗೆ ಮಸಿ ಬೊಟ್ಟೂ ಇಟ್ಟಿದೀನಿ, ಗುರುತಿಗೆ. ಮಗು ಎಡಗಾಲಲ್ಲಿ ಮಚ್ಚೆ ಇದ್ರೆ ಅವಳೇ. ಇನ್ನೆರಡು ತಿಂಗಳು, ಅಷ್ಟೇ."

ನಾನು ಬೆರಳು ಮಡಚಿದೆ. ದಾರ ಕಟ್ಟಿ ಹತ್ತೊಂಬತ್ತು ದಿನ. ಕನ್ನಿಕಾಳಿಗೆ ಜ್ವರ ಬಂದು ಎಂಟು. ನಡುವೆ ಹನ್ನೊಂದು ದಿನ. ಚಳಿಗೆ ಒಡೆದ ಚರ್ಮ, ತುರಿಸಿದ ಮಣಿಕಟ್ಟು, ಅದಕ್ಕೆ ಅಂಟಿಕೊಂಡ ಹಸಿ ದಾರ.

"ಏನು ಎಣಿಸ್ತಿದೀರಿ, ಸ್ವಾಮಿ?"

ಮಡಚಿದ ಬೆರಳು ಬಿಡಿಸಿದೆ.

"ಆ ದಾರ ಒಳ್ಳೇದನ್ನೇ ಮಾಡುತ್ತೆ ಅಲ್ವಾ?"

ಸುಳ್ಳಾಡೆನೆಂದು ದಿನಾ ಬೆಳಗ್ಗೆ ಶೀಲ ಹೇಳಿಕೊಳ್ಳುವವನು ನಾನು. ಆದರೆ ಎಲ್ಲ ನಿಜವನ್ನೂ ಎಲ್ಲ ಹೊತ್ತಿನಲ್ಲೂ ಹೇಳೆಂದು ನನ್ನ ಗುರುಗಳು ಎಂದೂ ಕಲಿಸಲಿಲ್ಲ.

"ಪ್ರೀತಿಯಿಂದ ಕಟ್ಟಿದ್ದು, ಅಮ್ಮ," ಎಂದೆ.

ಅವಳು ನನ್ನ ಬೆರಳುಗಳತ್ತ ನೋಡಿದಳು. ಆಮೇಲೆ ಮಗ್ಗದ ಕಡೆ ತಿರುಗಿ, ಒರೆಸಿದ ಜಾಗವನ್ನೇ ಮತ್ತೆ ಒರೆಸತೊಡಗಿದಳು.

ಫೋನಿಗೆ ಸಿಗ್ನಲ್ ಸಿಗುವುದು ಮನೆಯ ಮೆಟ್ಟಿಲಿನ ಮೇಲಿನ ತುದಿಯಲ್ಲಿ ಮಾತ್ರ. ಹತ್ತಿ ವಾರ್ಡಿಗೆ ಕರೆ ಮಾಡಿದೆ.

"ಕನ್ನಿಕಾ ಕೈಯಲ್ಲಿ ಬಿಳಿ ದಾರ ಇದೆಯಲ್ಲ, ಸಿಸ್ಟರ್? ಮುಟ್ಟಬೇಡಿ. ನಾನು ಬರ್ತಿದೀನಿ."

"ಯಾವ ದಾರ? ಸೇರಿಸ್ಕೊಂಡ ದಿನವೇ ಕತ್ತರಿಸಿ ತೆಗೆದ್ವಿ, ಸರ್. ಕೊಳೆಯಾಗಿತ್ತು. ಕಸದ ಜೊತೆ ಸುಟ್ಟಾಯ್ತು. ಯಾಕೆ?"

"ಏನಿಲ್ಲ. ಕನ್ನಿಕಾ ಹೇಗಿದಾಳೆ?"

"ನಡುಕ ಜಾಸ್ತಿ ಆಗಿದೆ. ಅಮ್ಮನ ಹೆಸರು ಹೇಳಿದ್ರೆ ಕಣ್ಣು ತೆರೀತಾಳೆ. ಮಗು ಎದೆಬಡಿತ ಚೆನ್ನಾಗಿದೆ."

ಮೆಟ್ಟಿಲಿಳಿದು ಬಂದೆ.

"ಮೂರನೇದು, ಅಮ್ಮ?"

ಬುವಾಚಾನ್ ನೂಲುಂಡೆಯನ್ನು ಬುಟ್ಟಿಗೆ ಹಾಕಿದಳು. "ನದಿಗೆ ಬಿಟ್ಟೆ," ಎಂದಳು. ಹೇಳುವಾಗ ನನ್ನನ್ನು ನೋಡಲಿಲ್ಲ.

ಖಂಪಾನ್ ಬಾಗಿ ಇದ್ದಿಲು ಕೆದಕಿದಳು. ಇದ್ದಿಲು ಆಗಲೇ ಚೆನ್ನಾಗಿ ಹೊತ್ತಿಕೊಂಡಿತ್ತು.

*

ಮೋಟಾರ್ ಸೈಕಲ್ಲಿನ ಪಕ್ಕ ಸುಮ್ಮನೆ ನಿಂತುಬಿಟ್ಟೆ. ಬಿಸಿಲು ಬಂದಿತ್ತು. ಗೊಬ್ಬರದ ಗುಂಡಿಯ ಪಕ್ಕ ಕೋಳಿಗಳು ಕೆದಕುತ್ತಿದ್ದವು.

ನನ್ನ ಹೆಂಡತಿ ತೀರಿಹೋದಾಗ ನಾನು ಬಲೆ ಹಿಡಿದು ಎಲ್ಲಿಗೂ ಹೋಗಲಿಲ್ಲ. ಓದಿದವನು. ಅವಳು ಉಡುತ್ತಿದ್ದ ಲುಂಗಿಗಳನ್ನು, ಬಾಚಣಿಗೆಯನ್ನು ಸಹ ಯಾರ್ಯಾರಿಗೋ ಕೊಟ್ಟುಬಿಟ್ಟೆ. ಆರು ವರ್ಷವಾಯಿತು. ಆ ಬಾಚಣಿಗೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಕೂದಲು ಈಗ ಎದುರಿಗೆ ಬಂದರೆ ನಾನೂ ಅದನ್ನು ಯಾವ ಪ್ರಯೋಗಾಲಯಕ್ಕೂ ಕೊಡಲಾರೆ. ಬುವಾಚಾನಳ ಮೇಲೆ ಸಿಟ್ಟು ಮಾಡಲು ನೋಡಿದೆ, ಬರಲಿಲ್ಲ.

ಹಿಂದಿನಿಂದ ಹೆಜ್ಜೆ ಸದ್ದು. ಖಂಪಾನ್ ಒಬ್ಬಳೇ ಬರುತ್ತಿದ್ದಳು, ಬೇಲಿಯ ಬಿದಿರು ಹಿಡಿದು ನಿಲ್ಲುತ್ತ, ಮತ್ತೆ ನಡೆಯುತ್ತ.

"ಅವಳು ನದಿಗೆ ಬಿಟ್ಟಿಲ್ಲ," ಎಂದಳು. "ನನ್ನ ಹೆಸರು ಬರ್ದೇ ಇರ್ಲಿ ಅಂತ ಹಾಗಂದ್ಲು. ಹುಟ್ಟಿದಾಗಿಂದ ಸುಳ್ಳು ಹೇಳೋಕೆ ಬರಲ್ಲ ಅವಳಿಗೆ."

"ಗೊತ್ತಾಯ್ತು."

"ಗೊತ್ತಾದ್ರೂ ಸುಮ್ನೆ ಬಂದ್ರಾ?"

"ನೀವೇ ಬರ್ತೀರಿ ಅನ್ನಿಸ್ತು."

"ಕಾವಿ ಬಿಟ್ರೂ ನಿಮ್ಮ ಈ ಆಟ ಬಿಡ್ಲಿಲ್ಲ," ಎಂದು ನಕ್ಕಳು. ನಗು ಕೆಮ್ಮಾಯಿತು.

ಅವಳು ಎರಡು ಅಂಗಿಯ ತೋಳನ್ನೂ ಮೊಣಕೈವರೆಗೆ ಸರಿಸಿದಳು. ಮಣಿಕಟ್ಟಿನಲ್ಲಿ ಕಂದು ಬಣ್ಣಕ್ಕೆ ತಿರುಗಿದ ನೂಲು. ಅದರ ಅಡಿಯಲ್ಲಿ ಚರ್ಮ ಬಳೆಯ ಹಾಗೆ ಸುತ್ತಲೂ ಕೆಂಪಾಗಿತ್ತು.

"ನನ್ನ ಮಗಳನ್ನ ನೀನು ವಾಪಸ್ ತಂದ್ಕೊಟ್ಟೆ, ನೀನೂ ಅವಳ ತಾಯಿನೇ ಅಂತ ಹೇಳಿ ಕಟ್ಟಿದ್ಲು. ನನಗೆ ಮಕ್ಕಳಿಲ್ಲ ಅಂತ ನಿಮಗೆ ಗೊತ್ತಲ್ಲ. ಸ್ನಾನ ಮಾಡೋವಾಗ್ಲೂ ಒದ್ದೆ ಮಾಡಿಲ್ಲ. ದಿನಾ ಮಲಗೋ ಮೊದ್ಲು ಮೂಗಿಗೆ ಹಿಡೀತಿದ್ದೆ."

ಮುಟ್ಟಲು ಹೋದ ನನ್ನ ಕೈಯನ್ನು ಅವಳು ತಡೆದಳು. "ಬರಿಗೈಯಲ್ಲಿ ಬೇಡ. ಹದಿನಾರು ವರ್ಷ ನೀವೇ ಹೇಳ್ಕೊಟ್ಟಿದ್ದು."

ಒಂದೇ ಕೈಯಿಂದ ಗಂಟು ಬಿಚ್ಚಲು ಅವಳಿಗೆ ಆಗಲಿಲ್ಲ. ಜೇಬಿನಿಂದ ಸಣ್ಣ ಕತ್ತರಿ ತೆಗೆದಳು. ಒಂದು ಕ್ಷಣ ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಹೇಳಿಕೊಂಡು ಕತ್ತರಿಸಿದಳು. ಆರೋಗ್ಯ ಕೇಂದ್ರದ ಚೀಲಕ್ಕೆ ಹಾಕಿ, ಬಾಯಿ ಒತ್ತಿ ಮುಚ್ಚಿ, ಆ ಚೀಲವನ್ನು ಇನ್ನೊಂದರೊಳಗಿಟ್ಟಳು. ಮೇಲೆ ಪೆನ್ನಿನಿಂದ ಪಿಂಫಾಳ ಹೆಸರು, ರಕ್ತ ತೆಗೆದ ದಿನ ಬರೆದಳು. ಅಕ್ಷರ ಸೊಟ್ಟಸೊಟ್ಟ. ಅವಳದು ಮುತ್ತಿನಂಥ ಅಕ್ಷರ, ನಾನು ಬಲ್ಲೆ.

"ಎಷ್ಟು ದಿನದಿಂದ ಚಳಿ, ಅಕ್ಕ?"

"ಮೊದ್ಲು ಕನ್ನಿಕಾದು ನೋಡಿ."

"ಎಷ್ಟು ದಿನ?"

"ನಿನ್ನೆ ಮಧ್ಯಾಹ್ನದಿಂದ. ಬುವಾಚಾನ್‌ಗೆ ಹೇಳ್ಬೇಡಿ. ಎಲ್ಲಾ ಕೂಡಿಸಿ ಎಣಿಸಿಬಿಡ್ತಾಳೆ ಅವಳು."

ಹಿಂದೆ, ಮನೆಯ ಕೆಳಗಿನಿಂದ, ಸದ್ದೊಂದು ಬಂತು. ಮೂರು ವಾರದಿಂದ ನಿಂತಿದ್ದ ಮಗ್ಗ ಒಮ್ಮೆ ಬಡಿಯಿತು. ಮತ್ತೆ ಸುಮ್ಮನಾಯಿತು. ನಾವಿಬ್ಬರೂ ಆ ಕಡೆ ತಿರುಗಲಿಲ್ಲ.

"ಈ ರಕ್ತ ನಿಮಗೆ ತಲುಪಿಸೋದು ನನ್ನ ಕೆಲ್ಸ ಆಗಿತ್ತು," ಎಂದು ಖಂಪಾನ್ ಆ ಚೀಲವನ್ನು ದೇವಸ್ಥಾನದಲ್ಲಿ ಹೂವು ಕೊಡುವ ಹಾಗೆ ಎರಡೂ ಕೈಯಲ್ಲಿ ಹಿಡಿದು ನನ್ನ ಅಂಗೈಯ ಮೇಲೆ ಇಟ್ಟಳು. ಅವಳ ಬೆರಳು ನನಗೆ ತಾಗಿತು. ಇದ್ದಿಲ ಒಲೆ ಬಿಟ್ಟು ಇಷ್ಟು ದೂರ ಬಂದ ಮೇಲೂ ಆ ಬೆರಳು ಕೆಂಡದ ಹಾಗೆ ಸುಡುತ್ತಿತ್ತು.